ಹೊನ್ನುಹೊಳೆ ಗುಂಡ್ಲುಹೊಳೆಗಳ ತಡಿಯೂ ಅದರ ಜೀರ್ಣೋದ್ಧಾರವೂ

೧

ಜೀರ್ಣೋದ್ಧಾರವೆಂಬುದು ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಮಾತು. ಬಿದ್ದ ದೇವಾಲಯವನ್ನು ಎತ್ತಿ ಕಟ್ಟಿಸುವುದು, ಒಡೆದ ಕೆರೆಯ ಏರಿಯನ್ನು ಹಾಕಿಸುವುದು, ಹೂಳು ತುಂಬಿದ ಕಾಲುವೆಯನ್ನು ತೋಡಿಸುವುದು, ಇವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿವೆ. ಹೊಸದಾಗಿ ದಾನಮಾಡಿದವನಿಗಿಂತಲೂ ಹಿಂದಿನವರು ಕೊಟ್ಟುದನ್ನು ಪರಿಪಾಲಿಸಿದವನಿಗೆ ಫಲವು ಅಧಿಕವೆಂದು ದಾನಶಾಸನಗಳ ಕೊನೆಯ ಶ್ಲೋಕಗಳು ಸಾರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಹೊಳೆಯ ತಡಿಗೂ ಜೀರ್ಣೋದ್ಧಾರವೆಂಬುದು ಉಂಟೆ? ದೇವಾಲಯವನ್ನು ಒಬ್ಬನು ಕಟ್ಟಿಸಿದನು, ಕೆರೆಯನ್ನು ಒಬ್ಬನು ತೋಡಿಸಿದನು. ತಡಿಯನ್ನಾದರೋ ಯಾರೂ ಮಾಡಲಿಲ್ಲ. ತಾನಾಗಿ ಆದ ವಸ್ತುವು ಕೆಟ್ಟುಹೋದರೆ ಅದನ್ನು ಮೊದಲಿನಂತೆ ಮಾಡುವ ಬಗೆ ಹೇಗೆ? ಆ ಮೊದಲೆಂಬುದಾದರೂ ಯಾವ ಕಾಲದ್ದು?

ಈ ಪ್ರಶ್ನೆಯು ಈಗ ಕೇವಲ ತರ್ಕದ ವಿಷಯವಾಗಿ ಉಳಿದಿಲ್ಲ. ಊರುಗಳೂ ಅಣೆಕಟ್ಟುಗಳೂ ಬೇಸಾಯವೂ ಆಕ್ರಮಿಸಿದ ನದಿಗಳ ತೀರವನ್ನು ಮರಳಿ ಸಹಜಸ್ಥಿತಿಗೆ ತರುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ; ನಮ್ಮ ಕಾವೇರಿಯ ವಿಷಯದಲ್ಲಿಯೂ ಯೋಜನೆಗಳು ಸಿದ್ಧವಾಗಿವೆ. ಇವುಗಳಲ್ಲಿ ನೀರಿನ ಲೆಕ್ಕವೂ ಸಸಿಗಳ ಲೆಕ್ಕವೂ ಇರುತ್ತವೆ; ತಡಿಯ ಚರಿತ್ರೆಯು ಮಾತ್ರ ಇರುವುದಿಲ್ಲ. ಚಾಮರಾಜನಗರ ಜಿಲ್ಲೆಯ ಎರಡು ಚಿಕ್ಕ ಹೊಳೆಗಳನ್ನು ಹಿಡಿದು ಆ ಚರಿತ್ರೆಯನ್ನು ಕೂಡಿದಮಟ್ಟಿಗೆ ವಿಚಾರಮಾಡುವುದು ಈ ಲೇಖನದ ಉದ್ದೇಶ. ತಡಿಯು ಕೆಟ್ಟುದು ಕೊಡಲಿಯಿಂದ ಮಾತ್ರವಲ್ಲ, ಅದಕ್ಕೆ ಮುಂಚೆಯೇ ಲೆಕ್ಕದ ಪುಸ್ತಕದಿಂದಲೂ ಕೆಟ್ಟಿತು. ಆದ್ದರಿಂದ ಉದ್ಧಾರವೂ ಸಸಿ ನೆಡುವುದರಿಂದಲ್ಲ, ತಡಿಗೆ ಹೆಸರನ್ನೂ ಎಲ್ಲೆಯನ್ನೂ ಕಾಯುವವರನ್ನೂ ಮರಳಿ ಕೊಡುವುದರಿಂದ ಮೊದಲಾಗಬೇಕು ಎಂಬುದು ನಮ್ಮ ಅಭಿಪ್ರಾಯ.

೨

ಗುಂಡ್ಲುಹೊಳೆಯು ಹಿಮವದ್ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗುಂಡ್ಲುಪೇಟೆಯ ಮೇಲೆ ಹಾಯ್ದು ಉತ್ತರಾಭಿಮುಖವಾಗಿ ಹರಿದು ನಂಜನಗೂಡಿನ ಬಳಿ ಕಪಿಲೆಯನ್ನು ಕೂಡುತ್ತದೆ. ಇದಕ್ಕೆ ಕೌಂಡಿನಿಯೆಂಬ ಸಂಸ್ಕೃತ ನಾಮವುಂಟು. ನಂಜನಗೂಡಿನ ಕ್ಷೇತ್ರಮಹಿಮೆಯು ಕಪಿಲಾ ಕೌಂಡಿನಿಗಳ ಸಂಗಮವನ್ನು ಆಶ್ರಯಿಸಿದೆ. ಹೊನ್ನುಹೊಳೆಯು ಚಾಮರಾಜನಗರದ ದಕ್ಷಿಣಕ್ಕಿರುವ ಬೆಟ್ಟಗಳಲ್ಲಿ ಹುಟ್ಟಿ, ಬಿಳಿಗಿರಿರಂಗನ ಬೆಟ್ಟದ ಸಾಲನ್ನು ಬಲಕ್ಕೆ ಬಿಟ್ಟು ಈಶಾನ್ಯಾಭಿಮುಖವಾಗಿ ಹರಿದು, ಆಲೂರು ಯಳಂದೂರುಗಳ ಪ್ರಾಂತವನ್ನು ದಾಟಿ ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಸುವರ್ಣವತಿಯೆಂಬುದು ಇದರ ಸಂಸ್ಕೃತ ನಾಮ.

ಎರಡೂ ದೊಡ್ಡ ಹೊಳೆಗಳಲ್ಲ. ಮಳೆಗಾಲದಲ್ಲಿ ಕೆಂಪಾಗಿ ಬಂದು ಬೇಸಗೆಯಲ್ಲಿ ಮಳಲಿನ ನಡುವೆ ಎಳೆಯಾಗಿ ಉಳಿಯುವ ತೊರೆಗಳು. ಆದರೂ ಚರಿತ್ರೆಯಲ್ಲಿ ಇವುಗಳ ಸ್ಥಾನವು ಚಿಕ್ಕದಲ್ಲ. ಗುಂಡ್ಲುಪೇಟೆಗೆ ಮೊದಲು ವಿಜಯಪುರವೆಂದು ಹೆಸರಿದ್ದುದನ್ನೂ, ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಈ ಪ್ರಾಂತದ ಹಂಗಳದಲ್ಲಿದ್ದುದನ್ನೂ, ತಮ್ಮ ತಂದೆಯವರ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ಬಿಟ್ಟುದನ್ನೂ ಬಲ್ಲವರು ಬಲ್ಲರು. ಹೊನ್ನುಹೊಳೆಯ ಯಳಂದೂರಿನಲ್ಲಿ ಹದಿನಾಡ ಪ್ರಭುಗಳು ಗೌರೀಶ್ವರ ದೇವಾಲಯವನ್ನು ನಿಲ್ಲಿಸಿದರು. ಷಡಕ್ಷರದೇವನ ಸಮಾಧಿಯೂ ಸಂಚಿಯ ಹೊನ್ನಮ್ಮನ ಹುಟ್ಟೂರೂ ಅದೇ. ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ಹೀಗೆ ಅರಸರೂ ಮಂತ್ರಿಗಳೂ ಕವಿಗಳೂ ಈ ಹೊಳೆಗಳ ಆಸುಪಾಸಿನಲ್ಲಿ ಬಾಳಿದರು. ಅವರು ಬಾಳಿದ ಕಾಲದಲ್ಲಿ ಹೊಳೆಯ ತಡಿಯೆಂದರೆ ಏನೆಂಬುದನ್ನು ನೋಡೋಣ.

೩

ಕನ್ನಡದಲ್ಲಿ ತಡಿಗೆ ಇರುವ ಹೆಸರುಗಳು ಹಲವು. ತಡಿ, ದಡ, ಕರೆ ಎಂಬುವು ದೇಶ್ಯಗಳು. ತೀರ, ಕೂಲ, ತಟ ಎಂಬುವು ಸಂಸ್ಕೃತದಿಂದ ಬಂದವು. ನೀರು ಇಳಿದಾಗ ಕಾಣುವ ಮಳಲದಿಣ್ಣೆಗೆ ಪುಳಿನವೆಂದೂ, ಹೊಳೆಯ ನಡುವೆ ಎದ್ದ ನೆಲಕ್ಕೆ ತಿಟ್ಟು ಎಂದೂ, ಹೊಳೆಯನ್ನು ದಾಟುವ ಸ್ಥಳಕ್ಕೆ ಕಡವು ಎಂದೂ ಹೆಸರು. ಮರಗಳ ಹೆಸರಿನಲ್ಲಿಯೂ ಹೊಳೆಯು ಸೇರಿದೆ. ಸಂಸ್ಕೃತದಲ್ಲಿ ಅರ್ಜುನವೃಕ್ಷವೆನ್ನಿಸುವ ಬಿಳಿಯ ತೊಗಟೆಯ ಮರವನ್ನು ನಮ್ಮವರು ಹೊಳೆಮತ್ತಿಯೆಂದೂ ತೊರೆಮತ್ತಿಯೆಂದೂ ಕರೆದರು, ಹೊಳೆದಾಸವಾಳವೆಂಬುದು ಇನ್ನೊಂದು. ಕಾಡಿನ ಮತ್ತಿ ಬೇರೆ, ಹೊಳೆಯ ಮತ್ತಿ ಬೇರೆ ಎಂಬ ವಿವೇಕವು ಈ ಹೆಸರುಗಳಲ್ಲಿದೆ. ತಡಿಯ ಸಸ್ಯಗಳು ಒಂದು ಪ್ರತ್ಯೇಕ ವರ್ಗವೆಂದು ಸಸ್ಯಶಾಸ್ತ್ರಜ್ಞರು ಹೇಳುವುದನ್ನು ನುಡಿಯು ಬಹು ಹಿಂದೆಯೇ ಗುರುತಿಸಿತ್ತು.

ಶಾಸನಗಳ ಸಾಕ್ಷ್ಯಕ್ಕೆ ಬರೋಣ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ೧೮೯೮ರಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರ ಪರಿಷ್ಕೃತ ಸಂಪುಟಗಳು ೧೯೭೪, ೧೯೭೫ರಲ್ಲಿ ಹೊರಬಂದುವು. ದಾನಶಾಸನಗಳ ರೀತಿಯನ್ನು ಬಲ್ಲವರಿಗೆ ಎರಡು ಅಂಶಗಳು ಪರಿಚಿತವಾಗಿವೆ. ಮೊದಲನೆಯದು, ಅಷ್ಟಭೋಗ ತೇಜಸ್ವಾಮ್ಯದ ಒಕ್ಕಣೆ. ಗ್ರಾಮವನ್ನು ಕೊಡುವಾಗ ಅದರ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟು ಬಗೆಯ ಭೋಗಗಳನ್ನು ಹೆಸರಿಸಿ ಕೊಡುವುದು ವಾಡಿಕೆ. ಕೆಲವು ಕಡೆ ತರುವೆಂಬುದೂ ಸೇರುತ್ತದೆ. ಎಂದರೆ ಉಳುವ ನೆಲವಲ್ಲದ ನೀರು, ಕಲ್ಲು, ಮರಗಳೂ ಬೆಲೆಯುಳ್ಳ ವಸ್ತುಗಳೆಂದು ಪರಿಗಣಿತವಾಗಿದ್ದುವು. ಅವುಗಳಿಗೆ ಹೆಸರಿತ್ತು, ಸ್ವಾಮ್ಯವಿತ್ತು, ಅದರಿಂದಲೇ ಹೊಣೆಯೂ ಇತ್ತು. ದಾನಭೂಮಿಯ ಚತುಸ್ಸೀಮೆಯನ್ನು ಹೇಳುವಾಗಲೂ ಹಳ್ಳ, ಕಲ್ಲು, ಮರಗಳನ್ನೇ ಗುರುತಾಗಿ ಹಿಡಿಯುತ್ತಿದ್ದರು. ಗಡಿಯ ಮರವನ್ನು ಕಡಿದರೆ ಗಡಿಯೇ ಅಳಿಸಿದಂತೆ.

ಎರಡನೆಯದು, ಶಾಪಾಶಯದ ಒಕ್ಕಣೆ. ಈ ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬುದು ಕನ್ನಡನಾಡಿನ ಉದ್ದಗಲಕ್ಕೂ ಕಾಣುವ ಮಾತು. ಪಾಪವು ಎಲ್ಲಿ ಮಾಡಿದರೂ ಪಾಪವೇ. ಆದರೆ ತಡಿಯಲ್ಲಿ ಮಾಡಿದ್ದು ಹೆಚ್ಚಿನದು. ಹೊಳೆಯ ತಡಿಯು ಸಾಮಾನ್ಯ ನೆಲವಲ್ಲ, ಅಲ್ಲಿ ಮಾಡಿದ ಒಳಿತೂ ಕೆಡಕೂ ಇಮ್ಮಡಿಯಾಗುವುದೆಂಬ ಜನರ ನಂಬಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಊರುಗಳ ಹೆಸರುಗಳನ್ನೂ ಇಲ್ಲಿ ನೋಡಬಹುದು. ಹೊನ್ನುಹೊಳೆಯ ಪ್ರಾಂತದಲ್ಲಿ ಆಲೂರು, ಮಾಂಬಳ್ಳಿ, ಹೊಂಗಲವಾಡಿ, ಹೊಂಗನೂರು ಎಂಬ ಗ್ರಾಮಗಳಿವೆ. ಆಲೂರಿನಲ್ಲಿ ಆಲವೂ ಮಾಂಬಳ್ಳಿಯಲ್ಲಿ ಮಾವೂ ತೋರುತ್ತವೆ. ಕೊನೆಯ ಎರಡು ಹೆಸರುಗಳಲ್ಲಿರುವುದು ಹೊಂಗೆಯೋ ಹೊಳೆಯ ಹೆಸರಿನಲ್ಲಿರುವ ಹೊನ್ನೋ ಎಂಬುದು ಚರ್ಚಾಸ್ಪದ. ಶಾಸನರೂಪಗಳನ್ನು ಹೋಲಿಸಿಯೇ ನಿರ್ಣಯಿಸಬೇಕು. ಸ್ಥಳನಾಮದಿಂದ ಕಾಡನ್ನು ಅಳೆಯಲಾಗದು. ಆದರೆ ಮರದಿಂದ ಊರನ್ನು ಗುರುತಿಸುತ್ತಿದ್ದ ಕಾಲವೊಂದಿತ್ತೆಂದು ಹೇಳುವುದಕ್ಕೆ ಅಡ್ಡಿಯಿಲ್ಲ.

೪

ಹೀಗೆಂದ ಮಾತ್ರಕ್ಕೆ ಹಿಂದಿನ ತಡಿಯು ಮನುಷ್ಯಸ್ಪರ್ಶವಿಲ್ಲದ ವನವಾಗಿತ್ತೆಂದು ಭಾವಿಸಬಾರದು. ಹೊನ್ನುಹೊಳೆಗೆ ಅಡ್ಡಲಾಗಿ ಒಂದರ ಕೆಳಗೊಂದರಂತೆ ಕಟ್ಟೆಗಳಿದ್ದು ಅವುಗಳಿಂದ ಕಾಲುವೆಗಳು ಹೊರಟು ಕೆರೆಗಳನ್ನೂ ಗದ್ದೆಗಳನ್ನೂ ತುಂಬುತ್ತಿದ್ದುವು. ಆ ಹಳೆಯ ಕಟ್ಟೆಗಳ ಸ್ವಭಾವವನ್ನು ಗಮನಿಸಬೇಕು. ಅವು ತಗ್ಗಾದ ಕಲ್ಲುಕಟ್ಟಡಗಳು. ಬೇಸಗೆಯ ನೀರನ್ನು ಸ್ವಲ್ಪ ಎತ್ತರಿಸಿ ಕಾಲುವೆಗೆ ತಿರುಗಿಸುವುದಷ್ಟೇ ಅವುಗಳ ಕೆಲಸ. ಮಳೆಗಾಲದ ಪ್ರವಾಹವು ಅವುಗಳ ತಲೆಯ ಮೇಲೆ ಹಾಯ್ದು ಹೋಗುತ್ತಿತ್ತು. ಆದ್ದರಿಂದ ವರ್ಷಕ್ಕೊಮ್ಮೆ ಹೊಳೆಯು ತನ್ನ ತಡಿಯನ್ನು ಮುಟ್ಟಿ, ಗೋಡುಮಣ್ಣನ್ನು ಹರಡಿ, ಬೀಜವನ್ನು ಬಿತ್ತಿ ಇಳಿಯುತ್ತಿತ್ತು. ಮತ್ತಿ, ಹೊಂಗೆ, ಅತ್ತಿ, ನೇರಳೆಗಳ ಬೇರುಗಳು ಅಲ್ಲಿ ನಿಂತಿದ್ದು ಈ ಉಪಕಾರದಿಂದ. ಮಣ್ಣು ಕೊಚ್ಚಿಹೋಗದೆ ಉಳಿದುದು ಆ ಬೇರುಗಳ ಪ್ರತ್ಯುಪಕಾರದಿಂದ.

ತಡಿಯು ಹಲವರ ಜೀವನೋಪಾಯವೂ ಆಗಿತ್ತು. ಮೇದರಿಗೆ ಬಿದಿರು, ಬೆಸ್ತರಿಗೆ ಮೀನು, ಹರಿಗೋಲಿಗೆ ಬೇಕಾದ ಸಾಮಗ್ರಿ, ಅಗಸರಿಗೆ ಕಲ್ಲೂ ಬಿಸಿಲೂ, ದನಕ್ಕೆ ನೀರೂ ನೆರಳೂ, ಬರಗಾಲದಲ್ಲಿ ಬಡವರಿಗೆ ಸೊಪ್ಪುಸದೆ, ಇವೆಲ್ಲ ತಡಿಯಿಂದ ದೊರೆಯುತ್ತಿದ್ದುವು. ಇಷ್ಟನ್ನು ಹೇಳುವಾಗ ಇನ್ನೊಂದನ್ನು ಮರೆಯಲಾಗದು. ಆ ತಡಿಯು ಎಲ್ಲರಿಗೂ ಸಮವಾಗಿರಲಿಲ್ಲ. ಸ್ನಾನಘಟ್ಟದ ಮೇಲುಗಡೆ ಯಾರು, ಕೆಳಗಡೆ ಯಾರು ಎಂಬುದನ್ನು ಜಾತಿಯು ನಿರ್ಣಯಿಸುತ್ತಿತ್ತು. ಅಗ್ರಹಾರಕ್ಕೆ ಕೊಟ್ಟ ಜಲವು ಹೊಲಗೇರಿಗೆ ಕೊಟ್ಟ ಜಲವಾಗಿರಲಿಲ್ಲ. ತಡಿಯನ್ನು ಉದ್ಧರಿಸಬೇಕೆನ್ನುವವರು ಈ ವ್ಯವಸ್ಥೆಯನ್ನೂ ಉದ್ಧರಿಸಬೇಕೆಂದು ಯಾರೂ ತಿಳಿಯಬಾರದು. ಹಳೆಯದರಲ್ಲಿ ಗ್ರಾಹ್ಯವಾದುದು ಒಂದೇ: ತಡಿಯು ಹೊಳೆಗೂ ಹೊಲಕ್ಕೂ ನಡುವೆ ಇದ್ದ ಮೂರನೆಯ ನೆಲವೆಂಬ ತಿಳಿವಳಿಕೆ.

೫

ಈ ತಿಳಿವಳಿಕೆಯು ಅಳಿದುದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಹೊನ್ನುಹೊಳೆಯು ಮೂರು ಬಗೆಯ ಆಡಳಿತಗಳ ಮೂಲಕ ಹರಿಯುತ್ತಿತ್ತೆಂಬುದು ಬಹಳ ಜನರು ಗಮನಿಸದ ಸಂಗತಿ. ಮೇಲಿನ ಭಾಗವಾದ ಚಾಮರಾಜನಗರವು ಮೈಸೂರು ಸಂಸ್ಥಾನದ ಕಂದಾಯದ ಸೀಮೆ. ನಡುವಣ ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟುದು. ಕೆಳಗಿನ ಕೊಳ್ಳೇಗಾಲವಾದರೋ ಮದರಾಸು ಆಧಿಪತ್ಯದ ಕೊಯಮುತ್ತೂರು ಜಿಲ್ಲೆಗೆ ಸೇರಿದ್ದು. ಅದು ಮೈಸೂರು ರಾಜ್ಯವನ್ನು ಸೇರಿದುದು ೧೯೫೬ರ ನವೆಂಬರ್ ೧ರಂದು. ಒಂದೇ ಹೊಳೆಗೆ ಮೂವರು ಯಜಮಾನರು, ಮೂರು ಲೆಕ್ಕಗಳು.

ಮೈಸೂರು ಸೀಮೆಯಲ್ಲಿ ಬೊಂಬಾಯಿಯ ಪದ್ಧತಿಯನ್ನು ಅನುಸರಿಸಿ ಭೂಮಿಯ ಅಳತೆಯು ನಡೆದಾಗ ಪ್ರತಿಯೊಂದು ತುಂಡುನೆಲಕ್ಕೂ ನಂಬರೂ ಕಂದಾಯವೂ ಗೊತ್ತಾದುವು. ಕಂದಾಯಕ್ಕೆ ಒಳಗಾಗದ ನೆಲಕ್ಕೆ ಬಿದ್ದ ಹೆಸರು ಖರಾಬು. ಹೊಳೆ, ಹಳ್ಳ, ದಾರಿ, ಬಂಡೆ ಎಲ್ಲವೂ ಈ ಒಂದೇ ಮಾತಿನಲ್ಲಿ ಸೇರಿಹೋದುವು. ಈ ಶಬ್ದವು ಅರಬ್ಬಿಯಿಂದ ಪಾರಸಿಯ ಮೂಲಕ ನಮಗೆ ಬಂದುದು. ಕೆಟ್ಟದ್ದು, ಹಾಳಾದುದು ಎಂಬುದೇ ಅದರ ಅರ್ಥ. ಕೊಳ್ಳೇಗಾಲದ ಲೆಕ್ಕದಲ್ಲಿ ಇದೇ ಬಗೆಯ ನೆಲಕ್ಕೆ ಪೊರಂಬೋಕು ಎಂದು ಹೆಸರು. ನಮ್ಮ ಹೊರ ಎಂಬುದಕ್ಕೆ ಸಮನಾದ ತಮಿಳಿನ ಪುರಂ ಎಂಬುದು ಈ ಶಬ್ದದ ಮೊದಲಲ್ಲಿದೆ. ಲೆಕ್ಕಕ್ಕೆ ಹೊರಗಾದ ನೆಲವೆಂದು ತಾತ್ಪರ್ಯ. ಕಾಲಾಂತರದಲ್ಲಿ ಕನ್ನಡದ ಆಡುಮಾತಿನಲ್ಲಿ ಕೆಲಸವಿಲ್ಲದೆ ಅಲೆಯುವವನಿಗೂ ಪೋರಂಬೋಕ ಎಂಬ ಬೈಗುಳು ಬಂದುದು ಈ ಶಬ್ದದ ಗತಿಯನ್ನು ತೋರಿಸುತ್ತದೆ. ದಾನಶಾಸನವು ಜಲ ತರು ಪಾಷಾಣಗಳೆಂದು ಗೌರವದಿಂದ ಎಣಿಸಿದುದನ್ನು ಒಂದು ಕಡೆಯ ಲೆಕ್ಕಿಗನು ಕೆಟ್ಟುದೆಂದು ಬರೆದನು. ಇನ್ನೊಂದು ಕಡೆಯವನು ಹೊರಗಿನದೆಂದು ಬರೆದನು.

ಇಲ್ಲಿ ನ್ಯಾಯವಾದ ಮಾತೊಂದನ್ನು ಸೇರಿಸಬೇಕು. ಖರಾಬೆಂದು ಬರೆದುದರಿಂದ ತಡಿಗೆ ರಕ್ಷಣೆಯೂ ದೊರಕಿತು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಖರಾಬು ನೆಲವನ್ನು ಎರಡಾಗಿ ವಿಂಗಡಿಸಿದೆ. ಬೇಸಾಯಕ್ಕೆ ಒದಗದ್ದು ಎ ಖರಾಬು. ಹೊಳೆ, ಹಳ್ಳ, ದಾರಿ ಮೊದಲಾಗಿ ಸಾರ್ವಜನಿಕರ ಉಪಯೋಗಕ್ಕೆ ಮೀಸಲಾದುದು ಬಿ ಖರಾಬು. ಎರಡನೆಯದು ಖಾಸಗಿಯವರ ಸ್ವತ್ತಾಗುವಂತಿಲ್ಲ. ಆದ್ದರಿಂದ ಶಬ್ದವು ತಡಿಯನ್ನು ಹಳಿದರೂ ಕಾಯಿದೆಯು ಅದನ್ನು ಕಾದಿದೆ. ಆದರೆ ಹೆಸರಿಗೂ ಬಲವುಂಟು. ಕೆಟ್ಟದ್ದೆಂದು ದಾಖಲೆಯೇ ಹೇಳುವ ನೆಲವನ್ನು ನೇಗಿಲು ಒಂದೊಂದು ಸಾಲಾಗಿ ಸೇರಿಸಿಕೊಂಡರೆ ತಪ್ಪೆಂದು ಊರವರಿಗೆ ತೋರುವುದಿಲ್ಲ. ಅಲ್ಲಿ ಕಸ ಸುರಿದರೂ ತಪ್ಪೆಂದು ಪಟ್ಟಣದವರಿಗೆ ತೋರುವುದಿಲ್ಲ. ಕೆರೆಗೆ ಬಿತ್ತುವಟ್ಟವಿತ್ತು, ದಶವಂದವಿತ್ತು, ನೀರುಗಂಟಿಯಿದ್ದನು. ಹೊಸ ಲೆಕ್ಕದಲ್ಲಿ ತಡಿಗೆ ಇಂಥ ಯಾವ ಕಾವಲೂ ಉಳಿಯಲಿಲ್ಲ.

೬

ಲೆಕ್ಕದಲ್ಲಿ ಕೆಟ್ಟುದು ನೆಲದ ಮೇಲೆ ಕೆಡುವುದಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧವು ಬೇಕಾಯಿತು. ಅಟ್ಟುಗುಳಿಪುರದ ಬಳಿ ಸುವರ್ಣವತಿಗೆ ದೊಡ್ಡ ಅಣೆಕಟ್ಟು ೧೯೭೦ರ ದಶಕದಲ್ಲಿ ಎದ್ದಿತು. ನೆರೆಯ ಚಿಕ್ಕಹೊಳೆಗೂ ಜಲಾಶಯವಾಯಿತು. ಮಳೆ ಕಡಮೆಯಾದ ಈ ಸೀಮೆಯ ರೈತರಿಗೆ ಇವು ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಳೆಯ ಕಟ್ಟೆಗೂ ಹೊಸ ಅಣೆಕಟ್ಟಿಗೂ ಭೇದವಿದೆ. ಹಳೆಯದು ಬೇಸಗೆಯ ನೀರನ್ನು ತಿರುಗಿಸಿತು, ಪ್ರವಾಹವನ್ನು ಬಿಟ್ಟಿತು. ಹೊಸದು ಪ್ರವಾಹವನ್ನೇ ಹಿಡಿಯಿತು. ಸಾಧಾರಣ ವರ್ಷಗಳಲ್ಲಿ ಕೆಳಗಿನ ಹೊಳೆಗೆ ನೆರೆಯೆಂಬುದೇ ಬರದಂತಾಯಿತು. ನೆರೆ ಬರದ ಹೊಳೆಯು ಕಿರಿದಾಗಿ ಕಾಣುತ್ತದೆ. ಕಿರಿದಾಗಿ ಕಂಡ ಹೊಳೆಯ ಪಕ್ಕಕ್ಕೆ ಹೊಲಗಳು ಇಳಿದುವು. ತಡಿಯ ಮರಗಳು ಹೋದುವು. ಅವುಗಳ ಜಾಗಕ್ಕೆ ಲಂಟಾನವೂ ಬಳ್ಳಾರಿಜಾಲಿಯೂ ಬಂದುವು. ಮಳಲನ್ನು ತೆಗೆದ ಕಡೆ ಹೊಳೆಯ ಪಾತ್ರವು ತಗ್ಗಾಗಿ, ದಡದ ಬೇರುಗಳು ಗಾಳಿಯಲ್ಲಿ ತೂಗಿ, ಮಣ್ಣು ಕಳಚಿಬೀಳುವುದು ಸಹಜ.

ಮರೆತ ನೆರೆಯು ಒಂದು ವರ್ಷ ಮರಳಿ ಬರುತ್ತದೆ. ೨೦೨೨ರ ಮಳೆಗಾಲದಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಅತಿವೃಷ್ಟಿಯಾಗಿ ಸುವರ್ಣವತಿ ಜಲಾಶಯವು ತುಂಬಿ ಹರಿದಾಗ ಯಳಂದೂರು ತಾಲ್ಲೂಕಿನ ಹಳ್ಳಿಗಳ ಹೊಲಗದ್ದೆಗಳಿಗೆ ನೀರು ನುಗ್ಗಿತು. ಹೊಳೆಯು ತಪ್ಪಿ ಹರಿಯಿತೆಂದು ಜನರು ಹೇಳುವುದುಂಟು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದು ತನ್ನ ಹಳೆಯ ತಡಿಯನ್ನು ಹುಡುಕಿಕೊಂಡು ಬಂದಿತೆನ್ನಬೇಕು. ತಡಿಯಿದ್ದಿದ್ದರೆ ಮರಗಳ ನಡುವೆ ಪ್ರವಾಹದ ವೇಗವು ತಗ್ಗಿ, ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಬಿಡುತ್ತಿತ್ತು. ತಡಿಯಿಲ್ಲದಿದ್ದಾಗ ಹೊಲದ ಮಣ್ಣನ್ನೇ ಕಿತ್ತು ಒಯ್ಯುತ್ತದೆ. ಆದ್ದರಿಂದ ತಡಿಯ ಪ್ರಶ್ನೆಯು ಹಕ್ಕಿ ಮೀನುಗಳ ಪ್ರಶ್ನೆ ಮಾತ್ರವಲ್ಲ. ಹೊಳೆಯಂಚಿನ ಸಣ್ಣ ಹಿಡುವಳಿದಾರನ ಪ್ರಶ್ನೆಯೂ ಆಗಿದೆ. ತಡಿಯನ್ನು ಮರಳಿ ಬಿಡಬೇಕೆಂದರೆ ಕಳೆದುಕೊಳ್ಳುವವನು ಅವನು. ಬಿಡದಿದ್ದರೆ ನೆರೆಯಲ್ಲಿ ಕಳೆದುಕೊಳ್ಳುವವನೂ ಅವನೇ. ಈ ಇಕ್ಕಟ್ಟನ್ನು ಮುಚ್ಚಿಟ್ಟು ಮಾಡುವ ಯಾವ ಉದ್ಧಾರವೂ ನಿಲ್ಲಲಾರದು.

೭

ಈಗ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರಬಹುದು. ಯಾವ ಕಾಲದ ತಡಿಯನ್ನು ನಾವು ಮರಳಿ ಪಡೆಯಬೇಕು? ಚಿಕ್ಕದೇವರಾಜರ ಕಾಲದ್ದೆ? ಪೂರ್ಣಯ್ಯನವರ ಕಾಲದ್ದೆ? ಕಟ್ಟೆಗಳಿಲ್ಲದ ಕಾಲಕ್ಕೆ ಹೋಗುವುದಾದರೆ ಅದಕ್ಕೆ ಶಾಸನದ ಆಧಾರವೂ ಸಾಲದು. ನಮ್ಮಲ್ಲಿ ಗ್ರಂಥಸಂಪಾದನೆಯನ್ನು ಮಾಡುವವರಿಗೆ ಈ ತೊಡಕು ಹೊಸದಲ್ಲ. ಕವಿಯ ಸ್ವಹಸ್ತಪ್ರತಿಯು ಸಿಕ್ಕದಿದ್ದಾಗ ಪಂಡಿತರು ಮಾಡುವುದೇನು? ಉಳಿದಿರುವ ಪ್ರತಿಗಳಲ್ಲಿ ಉತ್ತಮವಾದುದನ್ನು ಹಿಡಿದು, ಕೆಟ್ಟ ಪಾಠವನ್ನು ಅದರೊಡನೆ ಹೋಲಿಸಿ ತಿದ್ದುತ್ತಾರೆ. ತಮ್ಮ ಊಹೆಯನ್ನು ಕವಿಯ ಮಾತೆಂದು ಸೇರಿಸುವುದಿಲ್ಲ. ತಡಿಯ ವಿಷಯದಲ್ಲಿಯೂ ಇದೇ ಕ್ರಮವು ಯುಕ್ತ.

ಅಂಥ ಪ್ರತಿಗಳು ಈ ಜಿಲ್ಲೆಯಲ್ಲಿಯೇ ಇವೆ. ಶಿವನಸಮುದ್ರದ ಕೆಳಗೆ ಕಾವೇರಿಯು ಕಾಡನ್ನು ಹೊಕ್ಕಮೇಲೆ ಅದರ ತಡಿಯುದ್ದಕ್ಕೂ ಹೊಳೆಮತ್ತಿಯ ದೊಡ್ಡ ಮರಗಳು ಉಳಿದಿವೆ. ಈ ಪ್ರದೇಶವು ೧೯೮೭ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು. ತಡಿಯ ಮರಗಳ ಕೊಂಬೆಗಳು ಒಂದನ್ನೊಂದು ಮುಟ್ಟಿಕೊಂಡಿರುವ ಕಡೆ ಮಾತ್ರ ಬಾಳಬಲ್ಲ ಬೂದುಬಣ್ಣದ ದೊಡ್ಡ ಅಳಿಲು ಅಲ್ಲಿದೆ, ನೀರುನಾಯಿಯೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವೀ ಹೊಳೆಯ ಬಳಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ಮರವಿದೆ. ಬರೆದ ಶಾಸನವಿಲ್ಲದೆಯೂ ಒಂದು ಜನಾಂಗವು ಹೊಳೆಯಂಚಿನ ಮರವನ್ನು ತಲೆಮಾರುಗಳಿಂದ ಕಾಪಾಡಿದುದಕ್ಕೆ ಅದು ನಿದರ್ಶನ. ಸೋಲಿಗರ ಅರಣ್ಯಹಕ್ಕುಗಳು ೨೦೧೧ರಲ್ಲಿ ಕಾಯಿದೆಯ ಮನ್ನಣೆಯನ್ನೂ ಪಡೆದುವು.

ಮನುಷ್ಯನು ಕೈಹಾಕಿದ ಹೊಳೆಯಲ್ಲಿ ಸಹಜವಾದ ತಡಿಯು ಇರಲಾರದೆಂಬ ಆಕ್ಷೇಪಕ್ಕೆ ರಂಗನತಿಟ್ಟು ಉತ್ತರವಾಗಿದೆ. ಶ್ರೀರಂಗಪಟ್ಟಣದ ಬಳಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ೧೬೪೫ರಿಂದ ೧೬೪೮ರ ಅವಧಿಯಲ್ಲಿ, ಕಾವೇರಿಗೆ ಕಟ್ಟಿದ ಕಟ್ಟೆಯಿಂದ ಅಲ್ಲಿಯ ತಿಟ್ಟುಗಳು ರೂಪುಗೊಂಡುವೆಂದು ಹೇಳುತ್ತಾರೆ. ಹಕ್ಕಿಗಳು ಅವುಗಳನ್ನು ಆರಿಸಿಕೊಂಡುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಅದು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪ್ರವಾಹಗಳು ತಿಟ್ಟುಗಳ ಅಂಚನ್ನು ಕೊರೆದಾಗ ಅರಣ್ಯ ಇಲಾಖೆಯವರು ಮರಳಿನ ಚೀಲಗಳನ್ನು ಒಟ್ಟಿ ಅವುಗಳನ್ನು ಸರಿಪಡಿಸಿದರು. ಕಟ್ಟೆಯೂ ತಡಿಯೂ ಪರಸ್ಪರ ಶತ್ರುಗಳಲ್ಲವೆಂಬುದನ್ನು ಇದು ತೋರಿಸುತ್ತದೆ. ಕಟ್ಟೆಯ ರೀತಿ ಹೇಗಿದೆ, ಕಾಯುವವರು ಯಾರಿದ್ದಾರೆ ಎಂಬುದೇ ಮುಖ್ಯ.

ಪರದೇಶದ ಒಂದು ನಿದರ್ಶನವನ್ನೂ ಕೊಡಬಹುದು. ಜರ್ಮನಿಯ ಮ್ಯೂನಿಕ್ ನಗರದ ನಡುವೆ ಹರಿಯುವ ಈಸಾರ್ ನದಿಯನ್ನು ಹಿಂದೆ ಕಲ್ಲುಗೋಡೆಗಳ ನಡುವೆ ನೇರಮಾಡಿದ್ದರು. ೨೦೦೦ದಿಂದ ೨೦೧೧ರವರೆಗೆ ಸುಮಾರು ಎಂಟು ಕಿಲೋಮೀಟರುಗಳ ಉದ್ದಕ್ಕೆ ಆ ಕಟ್ಟಡವನ್ನು ಸಡಿಲಿಸಿ, ದಡವನ್ನು ಇಳಿಜಾರು ಮಾಡಿ, ನದಿಗೆ ಅಗಲವನ್ನು ಬಿಟ್ಟುಕೊಟ್ಟರು. ಜಲ್ಲಿಯ ದಿಣ್ಣೆಗಳು ಮರಳಿ ಕಾಣಿಸಿಕೊಂಡುವು. ಈ ಕೆಲಸದ ಪ್ರಯೋಜನಗಳಲ್ಲಿ ನೆರೆಯಿಂದ ನಗರದ ರಕ್ಷಣೆಯೂ ಒಂದು. ನದಿಗೆ ಜಾಗ ಬಿಟ್ಟರೆ ಊರಿಗೆ ನಷ್ಟವೆಂಬ ಮಾತು ಎಲ್ಲೆಡೆಯೂ ನಿಜವಲ್ಲವೆಂಬುದಕ್ಕೆ ಇದು ಸಾಕ್ಷಿ.

೮

ನಮ್ಮಲ್ಲಿ ಆಗಬೇಕಾದುದೇನು? ಕಾವೇರಿಯೂ ಸೇರಿದಂತೆ ಹದಿಮೂರು ನದಿಗಳನ್ನು ಅರಣ್ಯಕಾರ್ಯಗಳ ಮೂಲಕ ಪುನರುಜ್ಜೀವಿಸುವ ಯೋಜನಾವರದಿಗಳನ್ನು ಕೇಂದ್ರ ಸರ್ಕಾರವು ೨೦೨೨ರ ಮಾರ್ಚಿಯಲ್ಲಿ ಹೊರತಂದಿತು. ಕಾವೇರಿಯ ವರದಿಯನ್ನು ಸಿದ್ಧಪಡಿಸಿದವರು ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು. ನದಿಯ ಪ್ರದೇಶವನ್ನು ಕಾಡು, ಬೇಸಾಯದ ನೆಲ, ಪಟ್ಟಣ ಎಂದು ವಿಂಗಡಿಸಿ ಒಂದೊಂದಕ್ಕೂ ಬೇರೆಬೇರೆ ಕ್ರಮವನ್ನು ಹೇಳಿರುವುದು ಇವುಗಳ ಗುಣ. ಉಪನದಿಗಳನ್ನೂ ಗಣನೆಗೆ ತಂದಿರುವುದು ಇನ್ನೊಂದು ಗುಣ. ಆದರೆ ಹೊಳೆಯಿಂದ ದೂರದಲ್ಲಿ ನೆಟ್ಟ ಮರವು ಎಷ್ಟು ಉಪಕಾರಿಯಾದರೂ ತಡಿಯ ಮರವಾಗದು. ನೀಲಗಿರಿಯನ್ನೋ ಗಾಳಿಮರವನ್ನೋ ದಡದಲ್ಲಿ ಸಾಲಾಗಿ ನೆಟ್ಟು ಹೊಳೆಯನ್ನು ಉದ್ಧರಿಸಿದೆವೆಂದರೆ ಅದು ಪಾಠವನ್ನು ತಿದ್ದಿದಂತಾಗದು, ಪ್ರಕ್ಷೇಪವನ್ನು ಸೇರಿಸಿದಂತಾದೀತು. ದಡಕ್ಕೆ ಉದ್ದಕ್ಕೂ ಕಲ್ಲು ಹೊದಿಸುವುದೂ ಹಾಗೆಯೇ. ಮಣ್ಣಿನ ದಡದಲ್ಲಿ ಬಿಲ ಕೊರೆದು ಮರಿಮಾಡುವ ಮಿಂಚುಳ್ಳಿಗೆ ಕಲ್ಲುಗೋಡೆಯಲ್ಲಿ ಎಡೆಯಿಲ್ಲ.

ಚರಿತ್ರೆಯಿಂದ ನಮಗೆ ತೋರುವ ಕ್ರಮವು ಮೂರು ಬಗೆಯದು. ಮೊದಲನೆಯದಾಗಿ, ಎಲ್ಲೆ. ಹೊಳೆಯ ಬಿ ಖರಾಬು ನೆಲವನ್ನು ಹಳೆಯ ಅಳತೆಯ ನಕ್ಷೆಗಳಿಂದ ಗುರುತಿಸಿ ಕಲ್ಲು ನೆಡಬೇಕು. ಅದಕ್ಕೆ ಖರಾಬೆಂಬ ಹೆಸರನ್ನು ಬಿಟ್ಟು ಹೊಳೆಯ ತಡಿಯೆಂದೇ ದಾಖಲೆಯಲ್ಲಿ ಬರೆಯಬೇಕು. ಒಂದು ಕಾಲಕ್ಕೆ ಮೂರು ಲೆಕ್ಕಗಳಲ್ಲಿ ಹಂಚಿಹೋಗಿದ್ದ ಹೊನ್ನುಹೊಳೆಯು ಈಗ ಒಂದೇ ಜಿಲ್ಲೆಯ ಕೈಯಲ್ಲಿದೆ. ಇಂಥ ಅನುಕೂಲವು ಹತ್ತೊಂಬತ್ತನೆಯ ಶತಮಾನದಲ್ಲಿ ಇರಲಿಲ್ಲ. ಎರಡನೆಯದಾಗಿ, ನೆರೆ. ಜಲಾಶಯದಿಂದ ಮಳೆಗಾಲದಲ್ಲಿ ಒಂದಿಷ್ಟು ನೀರನ್ನು ಹೊಳೆಗಾಗಿಯೇ ಬಿಡದಿದ್ದರೆ ತಡಿಯ ಬೀಜವು ಮೊಳೆಯದು. ನೀರು ಮುಟ್ಟದ ತಡಿಯು ಬರಿಯ ತೋಟ. ಮೂರನೆಯದಾಗಿ, ಕಾವಲು. ಕೆರೆಗೆ ನೀರುಗಂಟಿಯಿದ್ದಂತೆ ತಡಿಗೂ ಊರಿನವರೇ ಕಾಯುವವರಾಗಬೇಕು; ಮೇವು, ಹಣ್ಣು, ಹೊಂಗೆಬೀಜ, ಬಿದಿರುಗಳ ಪ್ರಯೋಜನವು ಹೊಲವನ್ನು ಬಿಟ್ಟುಕೊಟ್ಟವನಿಗೂ ಹೊಲವೇ ಇಲ್ಲದವನಿಗೂ ಸಲ್ಲಬೇಕು. ಹಿಂದಿನ ಕಾಲವು ದಾನವನ್ನು ಶಾಪದಿಂದ ಕಾಪಾಡಿತು. ನಮ್ಮ ಕಾಲವು ಪಾಲಿನಿಂದ ಕಾಪಾಡಬೇಕಾಗಿದೆ.

ಈ ಕಾರ್ಯದಲ್ಲಿ ಸಾಹಿತ್ಯದ ಉಪಾಧ್ಯಾಯರಿಗೂ ಪಾಲುಂಟೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳ ಶಾಲಾಕಾಲೇಜುಗಳಲ್ಲಿರುವವರು ತಮ್ಮ ವಿದ್ಯಾರ್ಥಿಗಳೊಡನೆ ಹೊಳೆಯಂಚಿನ ಊರುಗಳಿಗೆ ಹೋಗಿ, ತಡಿಯ ಮರಗಳ ಹೆಸರುಗಳನ್ನೂ, ಕಡವು ತಿಟ್ಟು ಕಟ್ಟೆಗಳ ಹೆಸರುಗಳನ್ನೂ, ನೆರೆಯು ಎಲ್ಲಿಯವರೆಗೆ ಬರುತ್ತಿತ್ತೆಂಬ ಹಿರಿಯರ ನೆನಪುಗಳನ್ನೂ ಬರೆದಿಟ್ಟುಕೊಳ್ಳಬಹುದು. ಶಾಸನಗಳ ಚತುಸ್ಸೀಮೆಯಲ್ಲಿ ಬರುವ ಹಳ್ಳಗಳನ್ನೂ ಮರಗಳನ್ನೂ ಪಟ್ಟಿಮಾಡಬಹುದು. ಯಾವ ತಡಿಯಲ್ಲಿ ಯಾವ ಮರವಿತ್ತೆಂಬುದು ಅರಣ್ಯ ಇಲಾಖೆಯ ಕಡತದಲ್ಲಿಲ್ಲದೆ ಒಬ್ಬ ಅಜ್ಜಿಯ ಮಾತಿನಲ್ಲಿ ಉಳಿದಿರುವುದು ಅಸಂಭವವಲ್ಲ. ಆ ಮಾತು ಹೋದರೆ ತಡಿಯನ್ನು ತಿದ್ದಲು ಬೇಕಾದ ಪ್ರತಿಯೊಂದು ಹೋದಂತೆ. ಮರವು ಬೆಳೆಯುವುದಕ್ಕೆ ಮೂವತ್ತು ವರ್ಷಗಳಾದರೂ ಬೇಕು. ಮಾತನ್ನು ಬರೆದಿಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಇಲ್ಲಿ ಹೇಳಿದುದರಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.